ಎಸೆದ ಕೋಳಿ ಮನೆಗೆ ಬಂತು

ಅನುಗೊಂಡನಹಳ್ಳಿ
12-2-1969, ಬುಧವಾರ

ಚಿರಂಜೀವಿ ರಾಮಾಂಜಿನಪ್ಪನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದ.

ಮೈ ಹೇಗಿದೆ? ಓಡುವಾಗ ಕಾಲಿಗೆ ಬೇಲಿಮುಳ್ಳು ನೆಟ್ಟಿತ್ತಂತೆ, ತೆಗೆಸಿಕೊಂಡೆಯಾ? ಅಲಕ್ಷ್ಯ ಮಾಡಬೇಡ. ಮಾವನ ಮನೆಯೆಂದು ನಾಚಿಕೊಂಡು ಅರೆಹೊಟ್ಟೆಯಲ್ಲಿ ಏಳಬೇಡ. ನನ್ನ ತಮ್ಮ ಲಕ್ಷ್ಮಯ್ಯ ಬೈಯುತ್ತಲೇ ಇನ್ನೊಂದು ಮುದ್ದೆ ಹಾಕಿಸುವವನು. ನೀನು ಮುಳಬಾಗಿಲಿನಲ್ಲಿ ಅವನ ಬಳಿ ಇದ್ದೀಯೆಂದು ನಿನ್ನೆಯಷ್ಟೇ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ. ಅಲ್ಲಿಯವರೆಗೆ ನಾನು ಹೇಗಿದ್ದೆ ಎಂಬುದನ್ನು ಬರೆಯುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಕೆಂದ ಹಸು ಕರು ಹಾಕಿದೆ, ಹೆಣ್ಣುಗರು. ಗಿಣ್ಣು ಕಾಯಿಸಿ ಬೀದಿಗೆಲ್ಲ ಹಂಚಿದೆ. ನಿನ್ನ ಪಾಲು ಮಾತ್ರ ಯಾರಿಗೂ ಕೊಡಲಿಲ್ಲ, ಅದು ಕೆಟ್ಟುಹೋಯಿತು.

ಕೆರೆಯಂಗಳದಲ್ಲಿ ಕೋಳಿಪಂದ್ಯ ನಡೆದದ್ದು, ಪೊಲೀಸರು ಬಂದದ್ದು, ನೀವೆಲ್ಲ ಓಡಿದ್ದು ಈಗ ಹೊಸಕೋಟೆಯವರೆಗೂ ಗೊತ್ತು. ಹೈಸ್ಕೂಲು ಓದಿದ ತಾಯಿಯ ಮಗ ಪಂಚೆ ಎತ್ತಿಕಟ್ಟಿ ಹಿಪ್ಪುನೇರಳೆ ತೋಟದಲ್ಲಿ ನುಗ್ಗಿ ಓಡಿದ! ಓಡುತ್ತಾ ಕಂಕುಳಲ್ಲಿದ್ದ ಕೋಳಿಯನ್ನು ಬೇಲಿಯಾಚೆ ಎಸೆದ! ಎಸೆದರೆ ಸಾಕ್ಷಿ ಹೋಯಿತು ಅಂದುಕೊಂಡೆಯಾ? ನೀನು ಮರಿಯಿಂದ ರಾಗಿ ತಿನ್ನಿಸಿ ಸಾಕಿದ ಕೋಳಿ ಹೊತ್ತು ಮುಳುಗಿದರೆ ಎಲ್ಲಿಗೆ ಹೋಗುತ್ತದೆಂದು ನಿನಗೇ ತಿಳಿಯದೆ ಹೋಯಿತೇ?

ಅವತ್ತು ಸಂಜೆ ದಫೇದಾರ್ ವೆಂಕಟರಾಯಪ್ಪನವರು ಜಗಲಿಯಲ್ಲಿ ಕೂತು ನಾನು ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದರು. "ನಿಮ್ ಮಗನ ಕೋಳಿ ಸಿಕ್ಕಿಲ್ಲ ಕಣಮ್ಮಾ, ಎಲ್ಲಿ ಎಸೆದ್ನೋ ಏನೋ" ಅನ್ನುತ್ತಿರುವಾಗಲೇ ನಿನ್ನ ಕೆಂಚ ಬೀದಿಯಿಂದ ನಡೆದು ಬಂತು. ಕಾಲಲ್ಲಿ ಪಂದ್ಯಕ್ಕೆ ಕಟ್ಟಿದ ಕೆಂಪು ದಾರ ಹಾಗೇ ಇತ್ತು. ದಫೇದಾರರ ಬೂಟುಗಳ ನಡುವೆಯೇ ಹಾದು, ಜಗಲಿ ಹತ್ತಿ, ನಿನ್ನ ಮಂಚದ ತಲೆದೆಸೆಯ ಪಟ್ಟಿಯ ಮೇಲೆ ಕೂತಿತು. ಅವರು ದಾರ ನೋಡಿದರು, ನನ್ನ ಮುಖ ನೋಡಿದರು. "ಇದ್ಯಾರ್ದಮ್ಮಾ ಕೋಳಿ?" ಅಂದರು. "ನನ್ ಮಗಂದು" ಅಂದೆ. ನಾನು ಇನ್ನೇನು ಹೇಳುವವಳು?

ಅವರು ಮಹಜರಿಗೆ ಪಂಚರನ್ನು ಕರೆತರಲು ಹೋದರೋ ಇಲ್ಲವೋ, ಪಕ್ಕದ ಮನೆ ಪಿಳ್ಳಮ್ಮ ಕುಡುಗೋಲು ಹಿಡಿದೇ ಬಂದಳು. "ಅಕ್ಕಾ, ಸಾರು ಮಾಡ್ಬಿಡಾಣ. ಸಾಕ್ಷಿ ನಮ್ ಹೊಟ್ಟೇಲಿದ್ರೆ ಯಾವನ್ ಹುಡುಕ್ತಾನೆ?" "ನಿನ್ ನಾಲಿಗೆ ಚಪಲಕ್ಕೆ ನನ್ನೂ ಜೈಲಿಗೆ ಕಳಿಸ್ತೀಯೇನೇ?" ಎಂದು ಬೈದು ಕಳಿಸಿದೆ. ಆದರೂ ಮಗನೇ, ಒಂದು ಗಳಿಗೆ ಆ ಕುಡುಗೋಲನ್ನೇ ನೋಡಿದೆ.

ಮರುದಿನ ಹೊಸಕೋಟೆಗೆ ಹೋಗಿ ವಕೀಲ ಆದಿನಾರಾಯಣಪ್ಪನವರನ್ನು ಕಂಡೆ. ಪಂದ್ಯ ಆಡಿದ್ದಕ್ಕೆ ದಂಡ ಕಟ್ಟಿ ಬರಬಹುದಂತೆ. ಪೊಲೀಸರು ಬಂದರೆಂದು ಸಾಕ್ಷ್ಯವನ್ನೇ ನಾಶ ಮಾಡಿದರೆ ಅದು ಬೇರೆಯೇ ಅಪರಾಧ, ಜೈಲೂ ಆಗಬಹುದಂತೆ. ನಿನ್ನ ಗೆಳೆಯ ಸೊಣ್ಣಪ್ಪ ಓಡುವಾಗ ತನ್ನ ಕೋಳಿಯ ಕತ್ತು ಮುರಿದು ಪಾಳುಬಾವಿಗೆ ಹಾಕಿದ. ಅವನ ಮೇಲೆ ಎರಡನೆಯ ಕೇಸೂ ಬಿದ್ದಿದೆ. "ನಿಮ್ ಹುಡ್ಗ ಎಸೆದ ಅಷ್ಟೇ ಕಣಮ್ಮಾ, ನಾಶ ಮಾಡ್ಲಿಲ್ಲ. ಕೋಳಿ ಜೀವಂತ ಇದೆ, ನೀವೂ ಮುಚ್ಚಿಡ್ಲಿಲ್ಲ. ತಾನಾಗೇ ಬಂದು ಒಪ್ಕೊಂಡ್ರೆ ದಂಡದಲ್ಲೇ ಮುಗಿಸೋಕೆ ನೋಡ್ತೀನಿ. ತಲೆ ಮರೆಸ್ಕೊಂಡೇ ಇದ್ರೆ ನನ್ ಕೈಲಾಗಲ್ಲ" ಅಂದರು.

ಆ ಗಾಬರಿಯಲ್ಲೂ ಕತ್ತು ಮುರಿಯಲು ನಿನಗೆ ಕೈ ಬರಲಿಲ್ಲ. ಉತ್ತ ಹೊಲದ ಮೆತ್ತನೆ ಮಣ್ಣು ನೋಡಿಯೇ ಎಸೆದೆಯೆಂದು ಕಂಡವರು ಹೇಳಿದರು. ಪಂದ್ಯಕ್ಕೆ ಹೋದದ್ದಕ್ಕೆ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೆ ಆ ಮಾತು ಕೇಳಿದ ದಿನ ನನಗೆ ಊಟ ಸೇರಿತು.

ಲಕ್ಷ್ಮಯ್ಯನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ ತಿಳಿಸು. ದೇವರು ನಿನಗೆ ಬುದ್ಧಿ ಕೊಡಲಿ; ಓಡುವ ಕಾಲನ್ನು ಮೊದಲೇ ಕೊಟ್ಟಿದ್ದಾನೆ.

ನಿನ್ನ ತಾಯಿ,
ಸಪ್ಪಲಮ್ಮ

ಮತ್ತೆ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ದಫೇದಾರರು ಕೋಳಿಯನ್ನು ನನ್ನ ವಶಕ್ಕೇ ಬಿಟ್ಟು, ಸೋಮವಾರ ಕೋರ್ಟಿಗೆ ತರಬೇಕೆಂದು ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ಅದು ನನ್ನನ್ನು ಹತ್ತಿರ ಸೇರಿಸುವುದಿಲ್ಲ, ಕೈ ಕುಕ್ಕಿದೆ. ನಿನಗಲ್ಲದೆ ಯಾರಿಗೂ ಸಿಗದು. ಸಂಜೆಯಾದರೆ ನಿನ್ನ ಖಾಲಿ ಮಂಚದ ಮೇಲೆ ಕೂತು ಬೀದಿಯನ್ನೇ ನೋಡುತ್ತದೆ; ನನಗೆ ಅದನ್ನು ನೋಡಲಾಗುವುದಿಲ್ಲ. ಸೋಮವಾರ ಕೋಳಿಯನ್ನು ನೀನು ಹಿಡಿದುಕೋ, ನಾನು ನಿನ್ನ ಪಕ್ಕದಲ್ಲಿ ಬರುತ್ತೇನೆ. ಭಾನುವಾರ ಹೊತ್ತು ಮುಳುಗುವುದರೊಳಗೆ ಮನೆ ಸೇರು. ಕೋಳಿಗೆ ದಾರಿ ಗೊತ್ತಿತ್ತು.