ಹತ್ತು ದಿನ ಬದುಕಿಸಿರಿ

ರಾಮದುರ್ಗ
೧೨-೩-೧೯೭೪

ಸುರೇಬಾನದ ಇಂದ್ರವ್ವನವರಿಗೆ ಟೆಂಪೋ ಡ್ರೈವರ್ ಜಟ್ಟೆಪ್ಪನ ನಮಸ್ಕಾರಗಳು.

ನಿನ್ನೆ ನಿಮ್ಮ ನಾಯಿಯ ಮೇಲೆ ಹಾಯ್ದದ್ದು ಲಾರಿಯಲ್ಲ, ನನ್ನ ಟೆಂಪೋ. ನೀವು ಕೇಳಿದಾಗ ಸುಳ್ಳು ಹೇಳಿದೆ. ನಾಯಿಯನ್ನು ಎತ್ತಿ ಬೇವಿನ ನೆರಳಿಗೆ ಹಾಕುವಾಗ ಅದು ನನ್ನ ಬಲಗೈ ಕಚ್ಚಿತ್ತು. ಆ ಕೈಗೆ ಟವೆಲ್ ಸುತ್ತಿಕೊಂಡೇ ನಿಮ್ಮೆದುರು ನಿಂತಿದ್ದೆ.

ವಿಷ ಇಳಿಯಲೆಂದು ಅವ್ವ ನನ್ನಿಂದ ಏಳು ಬಾವಿ ಇಣುಕಿಸಿದಳು. ಏಳನೆಯದರಲ್ಲಿ ನೀರು ನೋಡಲು ಹೆದರಿ ಕಣ್ಣು ಮುಚ್ಚಿಕೊಂಡೆ. ಅವಳಿಗೆ ಹೇಳಿಲ್ಲ. ದವಾಖಾನೆಯ ಡಾಕ್ಟರು, "ನಾಯಿನ ಹತ್ತ ದಿನಾ ನೋಡ್ರಿ. ಅದು ಸತ್ರ ನಿಮ್ಮ ಹೊಟ್ಟಿಗೆ ಹದಿನಾಕು ಇಂಜೆಕ್ಷನ್" ಎಂದರು.

ನಿನ್ನೆ ನೀವು, "ಭಾಳ ನರಳಾಕ ಹತ್ತೇತಿ, ನಾಯಿ ಹೊಡಿಯೋ ಪರಸಪ್ಪಗ ಹೇಳಿ ಮುಗಿಸಿಬಿಡ್ಲೇನಪಾ?" ಎಂದಿರಿ. ನಾನು, "ಮುಗಿಸಿಬಿಡ್ರಿ, ಪುಣ್ಯಾ ಬರತೈತಿ" ಎಂದೆ.

ಮುಗಿಸಬೇಡಿರಿ. ಕಟ್ಟಿಹಾಕಿ, ದೂರದಿಂದಲೇ ಅನ್ನ ನೀರು ಇಡಿರಿ. ಹುಚ್ಚುನಾಯಿ ನೀರು ಮುಟ್ಟುವುದಿಲ್ಲವೆಂದು ಅವ್ವ ಹೇಳುತ್ತಾಳೆ. ಅದು ನೀರು ಕುಡಿಯಿತೆಂದು ಈ ಪತ್ರ ತಂದ ಬಸ್ ಕಂಡಕ್ಟರನ ಬಳಿ ಹೇಳಿ ಕಳಿಸಿರಿ.

ಪರಸಪ್ಪ ಆಗಲೇ ಬಂದುಹೋಗಿದ್ದರೆ ಅದನ್ನು ನನಗೆ ಚೀಟಿಯಲ್ಲಿ ಬರೆಯಿರಿ, ಬಾಯಿಮಾತಿಗೆ ಮಾತ್ರ ಕುಡಿಯಿತೆಂದೇ ಹೇಳಿರಿ. ಸ್ಟ್ಯಾಂಡಿನಲ್ಲಿ ಆ ಬಸ್ಸಿಗೆ ಕಾಯುತ್ತ ಕೂತವಳು ಅವ್ವ.

ಎಡಗೈಯಿಂದ ಬರೆದ,
ಜಟ್ಟೆಪ್ಪ