ಬಾವಿಗೆ ಇಳಿಸಿದ ಸ್ವರ

ಕಾವೂರು, ಮಂಗಳೂರು
ಸೋಮವಾರ, 26-8-1985

ಬೊಂಬಾಯಿಯಲ್ಲಿರುವ ನನ್ನ ಯಜಮಾನರ ಪಾದಗಳಿಗೆ ಉಮಾವತಿಯ ನಮಸ್ಕಾರಗಳು.

ಇವತ್ತು ಸೋಣ ತಿಂಗಳ ಎರಡನೆಯ ಸೋಮವಾರ, ನನಗೆ ಒಪ್ಪೊತ್ತು. ದನದ ಹಟ್ಟಿ ಗುಡಿಸಿ, ಹೊಸ್ತಿಲು ತೊಳೆದು ರಂಗೋಲಿ ಬರೆದು, ಹೂ ಇಟ್ಟು ಈಗ ಕೂತಿದ್ದೇನೆ. ನಿಮ್ಮ ಕಾಗದ ಬಂದು ಹದಿನೆಂಟು ದಿನವಾಯಿತು. ತಡವಾದದ್ದಕ್ಕೆ ಸಿಟ್ಟು ಮಾಡಬೇಡಿ. ಎರಡು ಸಲ ಬರೆದು ಎರಡನ್ನೂ ಒಲೆಗೆ ಹಾಕಿದೆ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ತಮ್ಮ ಚಿತ್ತರಂಜನನಿಗೆ ಪಣಂಬೂರಿನಲ್ಲಿ ಹಗಲು ಪಾಳಿಯಾಗಿದೆ. ಕೆಂಪು ದನ ಹೆಣ್ಣು ಕರು ಹಾಕಿದೆ.

ನಿಮ್ಮ ಕಾಗದದಲ್ಲಿ, ಭಜನಾ ಮಂದಿರದ ಹಾಡಿನ ಕ್ಯಾಸೆಟನ್ನು ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಹಾಕುತ್ತೇನೆ, ಮನೆಯಲ್ಲಿ ಹಿಡಿದದ್ದೆಂದರೆ ಇಲ್ಲಿ ಯಾರೂ ನಂಬುವುದಿಲ್ಲ, ಹೇಗೆ ಮಾಡಿದಿರಿ ಎಂದು ಕೇಳಿದ್ದೀರಿ. ಅದರ ಕೆಳಗೆ, ನವರಾತ್ರಿಗೆ ಬಂದು ಇಲ್ಲಿನ ಮಂಡಳಿಯಲ್ಲಿ ಹಾಡು ಎಂದೂ ಬರೆದಿದ್ದೀರಿ. ನೀವು ಆ ಊರಿಗೆ ಹೋಗಿ ಇಪ್ಪತ್ತೆರಡು ವರ್ಷವಾಯಿತು. ನನ್ನನ್ನು ಬಾ ಎಂದದ್ದು ಇದೇ ಮೊದಲು. ಬರುವ ಆಸೆ ಬಹಳ ಉಂಟು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಪ್ರಿಲ್ ಕೊನೆಗೆ, ಬಾಡಿಗೆಗೆ ಮೈಕ್ ಸೆಟ್ ಹಾಕುವ ಜೊಕಿಮ್ ನಮ್ಮ ಹಾಡು ಹಿಡಿಯಲು ಎರಡು ಟೇಪ್ ರೆಕಾರ್ಡರ್ ಹೊತ್ತು ಬಂದ. ಬೈಹುಲ್ಲಲ್ಲಿ ಕಟ್ಟಿದ ಮುಡಿ ಅಕ್ಕಿ ಇಡುವ ಕೋಣೆಯ ಕಿಟಕಿ ಮುಚ್ಚಿಸಿ, ಗೋಡೆಗೆಲ್ಲ ಕಂಬಳಿ ತೂಗುಹಾಕಿಸಿದ. ಗಡಿಯಾರವನ್ನೂ ನಿಲ್ಲಿಸಿದ. ಆ ಸೆಕೆಯಲ್ಲಿ ನಾನು ಮೊದಲ ಸಾಲು ಎತ್ತಿದ್ದೇ ತಡ, ಅವನು ಕಿವಿ ಮುಚ್ಚಿಕೊಂಡ.

"ಎಂತ ಉಮಕ್ಕ, ನನ್ನ ಮೈಕಿಗೆ ಕಿವುಡಾ? ನೀವು ಹೀಗೆ ಹಾಡಿದರೆ ಸ್ವರ ಒಡೀತದೆ ಮಾರಾಯ್ರೆ!"

ಮೂವತ್ತು ವರ್ಷ ಮೈಕಿಲ್ಲದೆ, ತಾಳದ ಸದ್ದಿನ ಮೇಲೆ ಹಾಡಿದ ಗಂಟಲು ನನ್ನದು. ತಗ್ಗಿಸಲು ಹೋದರೆ ಶ್ರುತಿಯೇ ಸಿಗಲಿಲ್ಲ. ಅವನು ನನ್ನನ್ನು ಹಿಂದೆ ಅಕ್ಕಿಮುಡಿಗಳ ಹತ್ತಿರ ನಿಲ್ಲಿಸಿ, ಚಿತ್ತರಂಜನನ ಹೆಂಡತಿ ಕುಶಲಳನ್ನು ಮೈಕಿನ ಮುಂದೆ ಕೂರಿಸಿದ. ಆ ಹಾಡುಗಳನ್ನೆಲ್ಲ ಅವಳಿಗೆ ಕಲಿಸಿದವಳು ನಾನು. ಮಂದಿರದಲ್ಲಿ ಅವಳ ಸ್ವರ ಎರಡನೆಯ ಸಾಲಿನವರೆಗೂ ಮುಟ್ಟುವುದಿಲ್ಲ.

"ಜೊಕಿಮಣ್ಣ, ಅಕ್ಕನೇ ಮುಂದೆ ಇರ್ಲಿ. ನಾನು ಹಿಂದೆ ನಿಲ್ತೇನೆ" ಎಂದಳು ಕುಶಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲವೇನೋ.

ಮರುದಿನ ಅವನು ಟೇಪಿನ ಸ್ಪೀಕರನ್ನೂ ಒಂದು ಮೈಕನ್ನೂ ಹಗ್ಗಕ್ಕೆ ಕಟ್ಟಿ ನಮ್ಮ ಬಾವಿಗೆ ಇಳಿಸಿದ. ಬೇಸಗೆಯಾದ್ದರಿಂದ ನೀರು ತಳ ಸೇರಿತ್ತು. ಕೋಣೆಯಲ್ಲಿ ಹಿಡಿದ ಹಾಡು ಬಾವಿಯೊಳಗೆ ಮೊಳಗುತ್ತಿತ್ತು. ಅವನು ಬಾವಿಕಟ್ಟೆಯ ಮೇಲೆ ಕೂತು, ಸಾರಿಗೆ ಉಪ್ಪು ನೋಡಿ ಹಾಕುವವರ ಹಾಗೆ, ಕೋಣೆಯ ಸ್ವರ ಇಷ್ಟು, ಬಾವಿಯ ಸ್ವರ ಇಷ್ಟು ಎಂದು ಗುಂಡಿ ತಿರುಗಿಸಿ ಎರಡನ್ನೂ ಇನ್ನೊಂದು ಟೇಪಿಗೆ ಇಳಿಸಿದ. ಗುಟ್ಟು ಅಷ್ಟೇ. ಕುಶಲಳ ಸಪೂರ ಸ್ವರ ಗರ್ಭಗುಡಿಯೊಳಗಿಂದ ಬಂದ ಹಾಗೆ ತುಂಬಿ ಬಂತು. ನನ್ನದು ಅದರ ಹಿಂದೆ, ಯಾರೋ ನಾಲ್ಕು ಮನೆ ಆಚೆ ಹಾಡಿದ ಹಾಗೆ.

"ನನ್ನದನ್ನು ಸ್ವಲ್ಪ ಮೇಲೆ ತಾ ಜೊಕಿಮ್" ಎಂದೆ.

"ಅದು ಹಿಂದೆ ಇದ್ದರೇ ಚೆಂದ ಉಮಕ್ಕ. ಬಾವಿ ಎಲ್ಲರ ಸ್ವರಕ್ಕೆ ಹಿಡಿಸುದಿಲ್ಲ."

ನಮ್ಮ ಬಾವಿ! ಮದುವೆಯಾಗಿ ಬಂದಂದಿನಿಂದ ನಾನು ನೀರು ಸೇದುವ ಬಾವಿ!

ಮೂರನೆಯ ಹಾಡಿನ ಮಧ್ಯೆ ನೀರು ಸೇದಿದ ಬುದ್ಧಿಗೇಡಿ ಯಾರು ಎಂದು ಕೇಳಿದ್ದೀರಿ. ನಾನೇ. ಕೈತಪ್ಪಿ ಅಲ್ಲ. ಅಡುಗೆಮನೆಯಲ್ಲಿ ಎರಡು ಹಂಡೆ ನೀರು ತುಂಬಿಯೇ ಇತ್ತು. ಕುಶಲ ಕಣ್ಣು ಮುಚ್ಚಿ ತನ್ನ ಸ್ವರ ತಾನೇ ಕೇಳುತ್ತಿದ್ದಳು. ಅದನ್ನು ನೋಡಲಾಗದೆ ಕೊಡಪಾನ ಇಳಿಸಿಬಿಟ್ಟೆ. ರಾಟೆ ಕಿರ್ರೆಂದಿತು. ಜೊಕಿಮ್ ತಲೆಯ ಮೇಲೆ ಕೈ ಹೊತ್ತ. ಪುನಃ ಮಾಡುವಷ್ಟರಲ್ಲಿ ಕರೆಂಟು ಹೋಯಿತು, ಮರುದಿನ ಅವನಿಗೆ ಮದುವೆಯ ಸೆಟ್ಟಿತ್ತು. ಹಾಗೆಯೇ ಉಳಿಯಿತು. ದೇವರ ಹಾಡಿನ ಮೇಲೆ ಹೊಟ್ಟೆಕಿಚ್ಚು ತೀರಿಸಿಕೊಂಡೆ. ತಪ್ಪುಕಾಣಿಕೆ ಕಟ್ಟಿಟ್ಟಿದ್ದೇನೆ. ಆದರೆ ಕಿಚ್ಚು ಆರಿಲ್ಲ, ಸುಳ್ಳು ಯಾಕೆ ಹೇಳಲಿ.

ನಿಮ್ಮ ಮಂಡಿನೋವಿಗೆ ಎಣ್ಣೆ ಕಾಯಿಸಿ ಕಳಿಸುತ್ತೇನೆ, ಹಚ್ಚಿಕೊಳ್ಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಉಮಾವತಿ

ತಾ.ಕ.: ನಿಮ್ಮ ಕಾಗದ ಬಂದರೆ ಚಾವಡಿಯಲ್ಲಿ ಎಲ್ಲರಿಗೂ ಕೇಳುವಂತೆ ಓದುವುದು ಕುಶಲ ಎಂದು ನಿಮಗೆ ಗೊತ್ತೇ ಉಂಟು. "ಎಲ್ಲರಿಗಿಂತ ಮುಂದೆ ಕೇಳುವ ಸ್ವರ ನಿನ್ನದೆಂದು ಒಂದೇ ಸಾಲಿಗೆ ಗುರುತು ಹಿಡಿದೆ. ಮದುವೆಯ ವರ್ಷ ಹೇಗಿತ್ತೋ ಹಾಗೆಯೇ ಉಂಟು, ಅದನ್ನು ಕೇಳಿಯೇ ನಿನ್ನನ್ನು ಕರೆಸಿಕೊಳ್ಳಬೇಕೆನಿಸಿತು" ಎಂದು ಬರೆದಿದ್ದಿರಲ್ಲ, ಅದನ್ನೂ ಅವಳೇ ಓದಿದಳು. ಅಲ್ಲಿ ಒಂದು ಗಳಿಗೆ ನಿಂತು, ನನ್ನ ಮುಖ ನೋಡದೆ ಮುಂದೆ ಓದಿದಳು. ನಾನೂ ತೆಪ್ಪಗೆ ಕೂತೆ.

ಆ ಸ್ವರ ನನ್ನದಲ್ಲ. ಆ ಕ್ಯಾಸೆಟಿನಲ್ಲಿ ನನ್ನದೆಂದು ಸ್ಪಷ್ಟವಾಗಿ ಕೇಳುವುದು ರಾಟೆಯ ಸದ್ದೊಂದೇ.

ಇದು ಗೊತ್ತಾದ ಮೇಲೂ ನಾನು ಬರಬೇಕೋ ಬೇಡವೋ, ನೀವೇ ಹೇಳಿ. ಉತ್ತರ ಪೋಸ್ಟಿಗೆ ಹಾಕಬೇಡಿ, ಅವಳೇ ಓದಬೇಕಾಗುತ್ತದೆ. ನಿಮಗೆ ಆ ಕ್ಯಾಸೆಟ್ ತಂದುಕೊಟ್ಟ ನನ್ನ ಅಣ್ಣನ ಮಗ ಸರ್ವೋತ್ತಮ ಚೌತಿಗೆ ಊರಿಗೆ ಬರುತ್ತಾನೆ. ಅವನನ್ನು ಹೋಟೆಲಿಗೆ ಕರೆಸಿ, ಕಾಗದ ಅವನ ಕೈಯಲ್ಲಿ ಕೊಡಿ, ನನ್ನ ಕೈಗೇ ತಂದುಕೊಡಲು ಹೇಳಿ.