ಕೈಯಲ್ಲಿ ಎತ್ತಿಕೊಟ್ಟ ಚೆಂಡು

ಪೇಸ್ಲಿ, ೭ ನವೆಂಬರ್ ೧೮೯೬, ಶನಿವಾರ

ಎಫಿ ಅಂದ ಮಾತು ಇನ್ನೂ ಕಿವಿಯಲ್ಲೇ ಇದೆ.

ಮಧ್ಯಾಹ್ನ ಅತ್ತೆಯ ಜೊತೆ ಪೇಟೆಯಿಂದ ಬರುತ್ತಿದ್ದೆ. ಮೈದಾನದಲ್ಲಿ ಗಂಡಸರು ಫುಟ್‌ಬಾಲ್ ಆಡುತ್ತಿದ್ದರು. ಚೆಂಡು ಉರುಳುತ್ತ ಬಂದು ನನ್ನ ಲಂಗದ ಅಂಚಿಗೆ ತಾಗಿ ನಿಂತಿತು. ಬಲಗಾಲು ತಾನಾಗಿಯೇ ಹಿಂದಕ್ಕೆ ಹೋಯಿತು. ಅತ್ತೆ ನೋಡುತ್ತಿದ್ದರು. ಬಗ್ಗಿ, ಕೈಯಲ್ಲಿ ಎತ್ತಿಕೊಟ್ಟೆ. ಒದ್ದೆ ಚರ್ಮದ ಆ ವಾಸನೆ!

ಬೇಲಿಯ ಹತ್ತಿರ ಎಫಿ ನಿಂತಿದ್ದಳು, ಕಂಕುಳಲ್ಲಿ ಮಗು. ನಮ್ಮ ಹೆಂಗಸರ ಕ್ಲಬ್ಬಿಗೆ ಅವಳೇ ಗೋಲ್‌ಕೀಪರ್ ಆಗಿದ್ದಳು.

"ಕೈಲಿ ಹಿಡಿಯೋಳು ನಾನು ಕಣೇ ಮೈಸಿ. ನೀನು ಒದೆಯೋಳು!"

ಅತ್ತೆ ಮುಖ ಗಂಟಿಕ್ಕಿಕೊಂಡು ಮುಂದೆ ನಡೆದರು. ನಾನು ನಕ್ಕಂತೆ ಮಾಡಿ ಹಿಂದೆಯೇ ಹೋದೆ.

ನಾವು ಆಡಿದ್ದು ಒಂದೇ ಚಳಿಗಾಲ. ಜನ ಮೈದಾನಕ್ಕೆ ನುಗ್ಗಿ ನಮ್ಮ ಮೇಲೆ ಮಣ್ಣೆರಚಿದ ಮೇಲೆ ಯಾರೂ ಆಡಲು ಜಾಗ ಕೊಡಲಿಲ್ಲ, ಕ್ಲಬ್ಬು ಮುಚ್ಚಿತು. ಆ ಮಣ್ಣು ಎಂದೋ ಮರೆತುಹೋಗಿದೆ. ನಾನು ಚೆಂಡಿನ ಹಿಂದೆ ಓಡುವಾಗ ಎಫಿ ಗೋಲಿನ ಹತ್ತಿರದಿಂದಲೇ "ಓಡೇ ಮೈಸಿ, ಓಡು!" ಅಂತ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಅದು ಮರೆಯುವುದಿಲ್ಲ.

ಈಗ ಎಲ್ಲರೂ ಮೆಲ್ಲಗೆ ನಡಿ ಅನ್ನುವವರೇ. ಓಡು ಅಂತ ಯಾರಾದರೂ ಒಮ್ಮೆ ಕೂಗಬಾರದೇ.